ನಡುವಿನ ಮೂರು ಪುಟಗಳ ಖರ್ಚು

ಕ್ಲೌಡ್ ಪೋರ್ಟಲ್‌ನಲ್ಲಿ ಮೌಸ್ ಮುಟ್ಟದೆ, ಕೀಬೋರ್ಡಿನ ನಾಲ್ಕಾರು ಒತ್ತಿನಲ್ಲಿ ಬೇಕಾದ ಪುಟಕ್ಕೆ ಹೋಗುವವರನ್ನು ಕಂಡರೆ ಕೆಲವರು ಇದು ಕೈಚಳಕ ಎನ್ನುತ್ತಾರೆ. ಎರಡು ಸೆಕೆಂಡು ಉಳಿಸೋದಕ್ಕೆ ಇಷ್ಟೆಲ್ಲ ಯಾಕೆ ಎನ್ನುವವರೂ ಇದ್ದಾರೆ. ಎರಡೂ ಮಾತು ವೇಗದ ಇಂಟರ್‌ನೆಟ್ ಇರುವ ಆಫೀಸಿನಲ್ಲಿ ಹುಟ್ಟಿದವು. ಶಿರಸಿ–ಯಲ್ಲಾಪುರ ರಸ್ತೆಯ ಭೈರುಂಬೆಯಲ್ಲೋ, ಸಿದ್ದಾಪುರದ ಒಳಗಿನ ಒಂದು ಕೇರಿಯಲ್ಲೋ ಕೂತು ಅದೇ ಕೆಲಸ ಮಾಡುವವರ ಲೆಕ್ಕ ಬೇರೆ. ಇಲ್ಲಿ ಶಾರ್ಟ್‌ಕಟ್‌ನಿಂದ ಬೆರಳಿನ ಶ್ರಮ ಉಳಿಯುವುದು ಸ್ವಲ್ಪ. ನಡುವಿನ ಪುಟಗಳು ಉಳಿಯುವುದೇ ಹೆಚ್ಚು. ತೆರೆಯಬೇಕಿಲ್ಲದ ಪುಟವನ್ನು ತೆರೆಯದೇ ಇರುವುದರಲ್ಲಿ ಎಷ್ಟು ಲಾಭವಿದೆ ಎಂಬುದನ್ನು ಹಳ್ಳಿಯಿಂದ ಕೆಲಸ ಮಾಡುವವರು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂಬುದು ನನ್ನ ವಾದ.

2020ರ ಮಾರ್ಚ್‌ನ ಲಾಕ್‌ಡೌನ್‌ಗೆ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಕಟ್ಟಿಕೊಂಡು ಊರಿಗೆ ಬಂದವರು ಸಿಗ್ನಲ್ ಹುಡುಕುತ್ತ ಬೆಟ್ಟ ಹತ್ತಿದ್ದು, ಅಲ್ಲೇ ತಾಡಪಾಲು ಕಟ್ಟಿಕೊಂಡು ಮೀಟಿಂಗ್ ಮಾಡಿದ್ದು ಶಿರಸಿ, ಯಲ್ಲಾಪುರ, ಸಿದ್ದಾಪುರ ತಾಲೂಕಿನವರಿಗೆ ಮರೆಯುವ ಸಂಗತಿಯಲ್ಲ. ಆಮೇಲೆ ಅನೇಕ ಮನೆಗಳಿಗೆ ಫೈಬರ್ ಬಂತು, ಕೆಲವರು ವಾಪಸು ಹೋದರು, ಕೆಲವರು ತೋಟ ನೋಡಿಕೊಂಡು ಇಲ್ಲೇ ಕೆಲಸ ಮುಂದುವರಿಸಿದರು. ಆದರೆ ಫೈಬರ್ ಬಂದ ಮಾತ್ರಕ್ಕೆ ಆಫೀಸಿನ ಇಂಟರ್‌ನೆಟ್ ಬಂದಂತಾಗಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರದ ಟೊಂಗೆ ಬಿದ್ದರೆ ಕೇಬಲ್ ಹೋಯಿತು, ಕರೆಂಟು ಹೋಗಿ ಬ್ಯಾಟರಿ ಇಳಿದರೆ ಟವರ್ ಹೋಯಿತು. ಆಗ ಮೊಬೈಲಿನ ಹಾಟ್‌ಸ್ಪಾಟ್‌ನಲ್ಲಿ ಒಂದು ಗೆರೆ ಸಿಗ್ನಲ್ ಹಿಡಿದು ಸರ್ವರ್ ನೋಡಬೇಕು. ಗ್ರಾಹಕರ ಸರ್ವರ್ ಮಾತ್ರ ಮಳೆ ನೋಡಿ ಕೆಡುವುದಿಲ್ಲ.

ಇದು ಸಾಫ್ಟ್‌ವೇರ್ ಎಂಜಿನಿಯರುಗಳ ಸಮಸ್ಯೆ ಮಾತ್ರ ಅಂದುಕೊಳ್ಳಬಾರದು. ಶಾಲೆಗೆ ಗೂಗಲ್ ವರ್ಕ್‌ಸ್ಪೇಸ್ ಹಾಕಿಕೊಂಡ ಕಡೆ ಮಕ್ಕಳ ಪಾಸ್‌ವರ್ಡ್ ಬದಲಿಸಿಕೊಡುವ ಮೇಷ್ಟ್ರೂ, ಸಂಘ–ಸಂಸ್ಥೆಯ ಇಮೇಲ್ ಖಾತೆಗಳನ್ನು ನೋಡಿಕೊಳ್ಳುವ ಗುಮಾಸ್ತರೂ ಕ್ಲೌಡ್ ಅಡ್ಮಿನ್‌ಗಳೇ. ಹೆಸರು ದೊಡ್ಡದಿರಬಹುದು, ಮಾಡುವ ಕೆಲಸ ಅದೇ.

ಈಗ ಲೆಕ್ಕಕ್ಕೆ ಬರೋಣ. 1980ರಲ್ಲಿ ಸ್ಟುವರ್ಟ್ ಕಾರ್ಡ್, ಥಾಮಸ್ ಮೊರಾನ್, ಅಲೆನ್ ನ್ಯೂವೆಲ್ ಎಂಬ ಮೂವರು ಸಂಶೋಧಕರು ಕಂಪ್ಯೂಟರಿನ ಮುಂದೆ ಕೂತವರ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ ಅಳೆದರು. ಪಳಗಿದ ಕೈ ಒಂದು ಕೀ ಒತ್ತಲು ಸುಮಾರು 0.2 ಸೆಕೆಂಡು, ಮೌಸ್‌ನಿಂದ ಒಂದು ಜಾಗಕ್ಕೆ ಗುರಿಯಿಡಲು 1.1, ಕೈಯನ್ನು ಮೌಸ್‌ನಿಂದ ಕೀಬೋರ್ಡಿಗೆ ತರಲು 0.4, ಮುಂದೇನು ಎಂದು ಮನಸ್ಸಿನಲ್ಲಿ ತೀರ್ಮಾನಿಸಲು 1.35 ಸೆಕೆಂಡು. ಇವುಗಳ ಜೊತೆಗೆ ಅವರು ಇನ್ನೊಂದು ಅಂಶವನ್ನೂ ಇಟ್ಟಿದ್ದರು: ಯಂತ್ರ ಉತ್ತರ ಕೊಡುವವರೆಗೆ ಮನುಷ್ಯ ಕಾಯುವ ಹೊತ್ತು.

ಪೋರ್ಟಲ್‌ನ ಮುಖಪುಟದಿಂದ ಒಂದು ಸರ್ವರ್‌ನ ಪುಟಕ್ಕೆ ನಾಲ್ಕು ಕ್ಲಿಕ್ ಬೇಕು ಎಂದಿಟ್ಟುಕೊಳ್ಳಿ: ಸೇವೆಗಳ ಪಟ್ಟಿ, ಅದರಲ್ಲಿ ಒಂದು ಸೇವೆ, ಅದರೊಳಗಿನ ಯಂತ್ರಗಳ ಪಟ್ಟಿ, ಪಟ್ಟಿಯಲ್ಲಿ ನಮ್ಮ ಯಂತ್ರ. ಪ್ರತಿ ಹೆಜ್ಜೆಗೂ ಯೋಚನೆ, ಗುರಿ, ಒತ್ತು ಸೇರಿ 2.65 ಸೆಕೆಂಡು, ನಾಲ್ಕಕ್ಕೆ ಹತ್ತೂವರೆ. ಅಡ್ರೆಸ್ ಬಾರ್‌ಗೆ ಹೋಗಿ ನಾಲ್ಕಕ್ಷರ ಟೈಪ್ ಮಾಡಿ ಎಂಟರ್ ಒತ್ತಿದರೆ ಕೈ ಸರಿಸುವುದು, ಯೋಚಿಸುವುದು ಎಲ್ಲ ಸೇರಿ ಮೂರು ಸೆಕೆಂಡು ಚಿಲ್ಲರೆ. ಮನುಷ್ಯನ ಪಾಲಿನಲ್ಲಿ ಉಳಿದದ್ದು ಏಳು ಸೆಕೆಂಡು. ಪುಟವೊಂದು ಒಂದು ಸೆಕೆಂಡಿಗೆ ಬರುವ ಆಫೀಸಿನಲ್ಲಿ ನಡುವಿನ ಮೂರು ಪುಟ ತಪ್ಪಿದ್ದಕ್ಕೆ ಇನ್ನು ಮೂರು ಸೆಕೆಂಡು ಸೇರುತ್ತದೆ. ಪುಟ ಬರಲು ಐದು ಸೆಕೆಂಡು ಬೇಕಾದ ಮಳೆಗಾಲದ ಹಾಟ್‌ಸ್ಪಾಟ್‌ನಲ್ಲಿ ಸೇರುವುದು ಹದಿನೈದು. ಕೈಯಿಂದ ಉಳಿದದ್ದರ ಎರಡರಷ್ಟು ಇಲ್ಲಿ ಬರೀ ಕಾಯುವಿಕೆಯಿಂದ ಉಳಿಯಿತು. ಅರ್ಧ ಪುಟ ಬಂದು ನಿಂತು, ರಿಫ್ರೆಶ್ ಮಾಡಿ, ಮತ್ತೆ ಮೊದಲಿನಿಂದ ಶುರು ಮಾಡುವ ಕರ್ಮವನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಆಪಲ್ ಕಂಪನಿಯಲ್ಲಿದ್ದ ಬ್ರೂಸ್ ಟೊಗ್ನಾಝಿನಿ 1989ರಲ್ಲಿ ಇದಕ್ಕೆ ಪೂರ್ತಿ ಎದುರಾದ ಮಾತು ಬರೆದರು. ಕೀಬೋರ್ಡೇ ವೇಗ ಎಂದು ಬಳಸುವವರಿಗೆ ಅನ್ನಿಸುತ್ತದೆ, ಆದರೆ ಗಡಿಯಾರ ಹಿಡಿದು ನೋಡಿದರೆ ಮೌಸ್ ಗೆಲ್ಲುತ್ತದೆ ಎಂದರು. ಶಾರ್ಟ್‌ಕಟ್ ನೆನಪಿಸಿಕೊಳ್ಳಲು ತಗಲುವ ಹೊತ್ತು ನಮ್ಮ ಅರಿವಿಗೆ ಬರುವುದಿಲ್ಲ ಎಂಬುದು ಅವರ ವಿವರಣೆ. ಅದನ್ನು ತಳ್ಳಿಹಾಕುವಂತಿಲ್ಲ. ನೆನಪಿನಲ್ಲಿ ನಿಲ್ಲದ ಇಪ್ಪತ್ತು ಕೀ ಜೋಡಿಗಳನ್ನು ಬಾಯಿಪಾಠ ಮಾಡುವುದರಿಂದ ನಿಜಕ್ಕೂ ಏನೂ ಸಿಗುವುದಿಲ್ಲ. ಆದರೆ ಟೊಗ್ನಾಝಿನಿ ಕಾಲದ ಮೆನು ಯಂತ್ರದೊಳಗೇ ಇತ್ತು. ಒತ್ತಿದ ಕ್ಷಣ ಕಣ್ಣೆದುರು ಬೀಳುತ್ತಿತ್ತು. ಇಂದಿನ ಪೋರ್ಟಲ್‌ನ ಮೆನು ಮುಂಬೈಯಿಂದಲೋ ವರ್ಜೀನಿಯಾದಿಂದಲೋ ತುಂಡು ತುಂಡಾಗಿ ಬರಬೇಕು. ಅಮೆರಿಕದ ಪೂರ್ವ ತೀರಕ್ಕೆ ಒಂದು ಸಲ ಹೋಗಿಬರಲು ಸೆಕೆಂಡಿನ ಐದನೇ ಒಂದು ಭಾಗ ಸಾಲುವುದಿಲ್ಲ, ಒಂದು ಪುಟಕ್ಕೆ ಅಂಥ ಎಷ್ಟೋ ಹೋಗಿಬರುವಿಕೆ ಬೇಕು. ಆ ಹಳೆಯ ಅಳತೆ ಇಲ್ಲಿಗೆ ಅನ್ವಯಿಸುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಪೋರ್ಟಲ್‌ಗಳೇ ಕೊಟ್ಟ ಕೀಗಳಿವೆ. ಅಮೆಜಾನ್‌ನ ಎಡಬ್ಲ್ಯುಎಸ್ ಕನ್ಸೋಲ್‌ನಲ್ಲಿ ಆಲ್ಟ್ ಮತ್ತು ಎಸ್ ಒತ್ತಿದರೆ ಕರ್ಸರ್ ಹುಡುಕುವ ಪೆಟ್ಟಿಗೆಗೆ ಹೋಗುತ್ತದೆ. ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಿ ಜಿ ಮತ್ತು ಓರೆಗೆರೆ, ಗೂಗಲ್ ಕ್ಲೌಡ್‌ನಲ್ಲಿ ಬರೀ ಓರೆಗೆರೆ. ಗೂಗಲ್ ಕ್ಲೌಡ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಉಳಿದೆಲ್ಲ ಕೀಗಳ ಪಟ್ಟಿಯೇ ಬರುತ್ತದೆ. ಇವನ್ನು ಕಲಿಯುವುದು ಒಳ್ಳೆಯದೇ, ಆದರೆ ಇವು ಕೆಲಸಕ್ಕೆ ಬರುವುದು ಪೋರ್ಟಲ್ ಬಂದು ಕೂತ ಮೇಲೆ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಒಂದು ತೊಡಕೂ ಇದೆ. ಮೇಲ್ ಬರೆಯಲು ಕನ್ನಡ ಕೀಲಿಮಣೆ ಹಾಕಿಕೊಂಡವರು ಹಾಗೇ ಪೋರ್ಟಲ್‌ಗೆ ಬಂದು ಜಿ ಒತ್ತಿದರೆ ಹೋಗುವುದು ಕನ್ನಡದ ಯಾವುದೋ ಅಕ್ಷರ ಅಥವಾ ಚಿಹ್ನೆ. ಪೋರ್ಟಲ್ ಸುಮ್ಮನೆ ಕೂರಬಹುದು. ಶಾರ್ಟ್‌ಕಟ್ ಕೆಟ್ಟಿದೆ ಎಂದು ತಿಳಿಯುವ ಮೊದಲು ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸಿ ನೋಡಿ.

ನಿಜವಾದ ಸಂಪತ್ತು ಇರುವುದು ಬ್ರೌಸರ್‌ನ ಅಡ್ರೆಸ್ ಬಾರ್‌ನಲ್ಲಿ. ಶಿರಸಿಯ ಟಿಎಸ್‌ಎಸ್‌ನಂಥ ಸಹಕಾರಿ ಸೊಸೈಟಿಯ ಕೌಂಟರ್‌ನಲ್ಲಿ ನಿಂತು ಹೆಸರು ಹೇಳಿದರೆ ಯಾವ ಹೆಗಡೇರು, ಯಾವ ಊರು, ತಂದೆಯ ಹೆಸರೇನು ಎಂದು ಮೂರು ಪ್ರಶ್ನೆ ಬರುತ್ತದೆ. ಸದಸ್ಯ ನಂಬರ್ ಹೇಳಿದರೆ ಖಾತೆಯೇ ನೇರ ತೆರೆಯುತ್ತದೆ. ಪೋರ್ಟಲ್‌ನ ಮೆನು ಆ ಮೂರು ಪ್ರಶ್ನೆಗಳ ಹಾಗೆ, ಪುಟದ ವಿಳಾಸ ಸದಸ್ಯ ನಂಬರಿನ ಹಾಗೆ. ಇವತ್ತಿನ ಪೋರ್ಟಲ್‌ಗಳಲ್ಲಿ ಬಹುತೇಕ ಪ್ರತಿ ಪುಟಕ್ಕೂ ತನ್ನದೇ ವಿಳಾಸವಿದೆ. ಗೂಗಲ್ ವರ್ಕ್‌ಸ್ಪೇಸ್ ನೋಡಿಕೊಳ್ಳುವ ಮೇಷ್ಟ್ರು ಅಡ್ಮಿನ್ ಡಾಟ್ ಗೂಗಲ್ ಡಾಟ್ ಕಾಮ್ ತೆರೆದು, ಡೈರೆಕ್ಟರಿ ಒತ್ತಿ, ಯೂಸರ್ಸ್ ಒತ್ತುವ ಬದಲು ಆ ವಿಳಾಸದ ಕೊನೆಗೆ ಓರೆಗೆರೆ, ಎಸಿ, ಓರೆಗೆರೆ, ಯೂಸರ್ಸ್ ಎಂದು ಸೇರಿಸಿ ಬುಕ್‌ಮಾರ್ಕ್ ಮಾಡಿಟ್ಟರೆ ಮಕ್ಕಳ ಪಟ್ಟಿಗೇ ಹೋಗುತ್ತಾರೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ರಾತ್ರಿ ಎಚ್ಚರಿಕೆ ಮೆಸೇಜ್ ಬಂತು. ಅದರಲ್ಲಿ ಕೆಟ್ಟ ಸರ್ವರ್‌ನ ಗುರುತು ಇದೆ: ಐ ಅಕ್ಷರ, ಒಂದು ಅಡ್ಡಗೆರೆ, ಆಮೇಲೆ ಹದಿನೇಳು ಅಂಕಿ–ಅಕ್ಷರಗಳ ಸರಣಿ. ಎಡಬ್ಲ್ಯುಎಸ್‌ನಲ್ಲಿ ಯಾವ ಸರ್ವರ್‌ನ ಪುಟ ತೆರೆದರೂ ವಿಳಾಸದ ಬಾಲದಲ್ಲಿ ಈ ಗುರುತೇ ಇರುತ್ತದೆ. ಹಗಲು ಬಿಡುವಿದ್ದಾಗ ಅಂಥ ಒಂದು ವಿಳಾಸವನ್ನು ಕಾಪಿ ಮಾಡಿ, ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಎಂಜಿನ್ ವಿಭಾಗದ ಸೈಟ್ ಸರ್ಚ್‌ಗೆ ಹೋಗಿ ಹೊಸದೊಂದನ್ನು ಸೇರಿಸಿ. ವಿಳಾಸದಲ್ಲಿ ಸರ್ವರ್ ಗುರುತು ಇರುವ ಜಾಗದಲ್ಲಿ ಶೇಕಡಾ ಚಿಹ್ನೆ, ಅದಕ್ಕಂಟಿ ಸಣ್ಣ ಎಸ್ ಹಾಕಿ. ಕೀವರ್ಡ್ ಎಂದು ಎರಡಕ್ಷರ ಕೊಡಿ, ಇಸಿ ಎಂದಿಟ್ಟುಕೊಳ್ಳೋಣ. ಇನ್ನು ಮುಂದೆ ಕಂಟ್ರೋಲ್ ಮತ್ತು ಎಲ್ ಒತ್ತಿ, ಇಸಿ ಬರೆದು ಟ್ಯಾಬ್ ಒತ್ತಿ, ಮೆಸೇಜಿನಲ್ಲಿದ್ದ ಗುರುತು ಪೇಸ್ಟ್ ಮಾಡಿ ಎಂಟರ್ ಕೊಟ್ಟರೆ ನೇರವಾಗಿ ಆ ಸರ್ವರ್. ಪಟ್ಟಿ ಇಲ್ಲ, ಹುಡುಕಾಟ ಇಲ್ಲ. ಫೈರ್‌ಫಾಕ್ಸ್‌ನಲ್ಲಿ ಇದೇ ಕೆಲಸವನ್ನು ಬುಕ್‌ಮಾರ್ಕ್‌ನ ಕೀವರ್ಡ್ ಜಾಗದಲ್ಲಿ ಮಾಡಬಹುದು. ಅಲ್ಲಿ ಟ್ಯಾಬ್ ಬದಲು ಸ್ಪೇಸ್ ಸಾಕು. ಬಹಳ ವರ್ಷಗಳಿಂದ ಬ್ರೌಸರ್‌ಗಳಲ್ಲಿರುವ ಸೌಲಭ್ಯ ಇದು. ದಿನವಿಡೀ ಬ್ರೌಸರ್‌ನಲ್ಲೇ ಬದುಕುವವರಲ್ಲಿ ಅನೇಕರು ಇದನ್ನು ಒಮ್ಮೆಯೂ ಮುಟ್ಟಿರುವುದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ವಿಳಾಸಕ್ಕೆ ಇನ್ನೊಂದು ಗುಣವಿದೆ. ಎಡಬ್ಲ್ಯುಎಸ್ ವಿಳಾಸದಲ್ಲಿ ರೀಜನ್‌ನ, ಅಂದರೆ ಸರ್ವರ್‌ಗಳು ಇರುವ ಪ್ರದೇಶದ, ಹೆಸರೂ ಕೂತಿರುತ್ತದೆ: 2016ರಲ್ಲಿ ಶುರುವಾದ ಮುಂಬೈಗೆ ಎಪಿ-ಸೌತ್-1, 2022ರಲ್ಲಿ ಬಂದ ಹೈದರಾಬಾದ್‌ಗೆ ಎಪಿ-ಸೌತ್-2. ಹೊಸಬರು ಗಾಬರಿಯಾಗಿ ‘ಸರ್ವರ್‌ಗಳೆಲ್ಲ ಮಾಯವಾಗಿವೆ’ ಎಂದು ಫೋನ್ ಮಾಡಿದಾಗ ಹಲವು ಸಲ ಆಗಿರುವುದು ಇಷ್ಟೆ: ಕನ್ಸೋಲ್ ಬೇರೆ ರೀಜನ್ ತೋರಿಸುತ್ತಿರುತ್ತದೆ. ವಿಳಾಸದಿಂದ ಹೋದವರು ಸರಿಯಾದ ರೀಜನ್‌ನಲ್ಲೇ ಇಳಿಯುತ್ತಾರೆ. ಅಜೂರ್ ವಿಳಾಸದಲ್ಲಿ ಹ್ಯಾಶ್ ಚಿಹ್ನೆಯ ಪಕ್ಕದಲ್ಲೇ ಯಾವ ಸಂಸ್ಥೆಯ ಖಾತೆ ಎಂಬುದನ್ನೂ ಸೇರಿಸಬಹುದು. ನಾಲ್ಕು ಗ್ರಾಹಕರ ಕೆಲಸ ನೋಡುವವರಿಗೆ ಇದು ಸಮಯ ಉಳಿಸುವುದಕ್ಕಿಂತ ಹೆಚ್ಚಾಗಿ ತಪ್ಪು ಮನೆಗೆ ಹೋಗುವುದನ್ನು ತಡೆಯುತ್ತದೆ.

ತೆಳುವಾದ ನೆಟ್‌ವರ್ಕ್‌ನಲ್ಲಿ ಇರುವವರು ಗಮನಿಸಬೇಕಾದ ಸಂಗತಿಗಳು ಇನ್ನೂ ಇವೆ. ಹೊಸ ಟ್ಯಾಬ್‌ನಲ್ಲಿ ಪೋರ್ಟಲ್ ತೆರೆದರೆ ಅದರ ಇಡೀ ಚೌಕಟ್ಟು ಮತ್ತೆ ಎದ್ದು ನಿಲ್ಲಬೇಕು. ಅಜೂರ್‌ನ ವಿಳಾಸದಲ್ಲಿ ಹ್ಯಾಶ್ ಚಿಹ್ನೆಯ ಮುಂದಿನ ಭಾಗ ಮಾತ್ರ ಬದಲಾದರೆ ಅದೇ ಟ್ಯಾಬ್‌ನಲ್ಲಿ ಬ್ರೌಸರ್ ಪುಟವನ್ನು ಮೊದಲಿನಿಂದ ತರಿಸುವುದಿಲ್ಲ, ಒಳಗಿನ ಭಾಗವಷ್ಟೇ ಬದಲಾಗುತ್ತದೆ. ಆದ್ದರಿಂದ ತೆರೆದ ಒಂದು ಟ್ಯಾಬ್ ಇಟ್ಟುಕೊಂಡು ಅದರಲ್ಲೇ ವಿಳಾಸ ಬದಲಿಸುವುದು ಮೇಲು. ಎರಡು ಖಾತೆ ಬೇಕಾದಾಗ ಇನ್‌ಕಾಗ್ನಿಟೋ ಕಿಟಕಿ ತೆರೆಯುವುದು ಬಹಳ ಜನರ ರೂಢಿ. ಆ ಕಿಟಕಿ ಹಿಂದೆ ತರಿಸಿಟ್ಟ ಫೈಲುಗಳನ್ನು ಬಳಸುವುದಿಲ್ಲ. ಪ್ರತಿ ಸಲವೂ ಎಲ್ಲವನ್ನೂ ಹೊಸದಾಗಿ ಇಳಿಸಿಕೊಳ್ಳುತ್ತದೆ. ಖಾತೆಗೊಂದು ಬ್ರೌಸರ್ ಪ್ರೊಫೈಲ್ ಮಾಡಿಟ್ಟರೆ ಪ್ರತಿಯೊಂದಕ್ಕೂ ತನ್ನದೇ ಸಂಗ್ರಹ ಇರುತ್ತದೆ, ತನ್ನದೇ ಬುಕ್‌ಮಾರ್ಕ್ ಇರುತ್ತದೆ. ಕ್ರೋಮ್‌ನ ಮೆಮೊರಿ ಸೇವರ್ ಬಳಸದ ಟ್ಯಾಬ್‌ಗಳನ್ನು ನೆನಪಿನಿಂದ ಬಿಟ್ಟುಬಿಡುತ್ತದೆ. ವಾಪಸು ಹೋದಾಗ ಅದು ಮತ್ತೆ ಲೋಡ್ ಆಗಬೇಕು. ಪೋರ್ಟಲ್‌ನ ವಿಳಾಸವನ್ನು ಅದರ ‘ಸದಾ ಚಾಲೂ’ ಪಟ್ಟಿಗೆ ಸೇರಿಸಿ. ಹತ್ತಾರು ಟ್ಯಾಬ್ ತೆರೆದಿದ್ದರೆ ಕಂಟ್ರೋಲ್, ಶಿಫ್ಟ್, ಎ ಒತ್ತಿ ಹೆಸರಿನಿಂದ ಹುಡುಕಿ. ಇರುವ ಟ್ಯಾಬ್ ಕಾಣದೆ ಇನ್ನೊಂದು ತೆರೆಯುವುದು ತಪ್ಪುತ್ತದೆ.

ಇಷ್ಟೆಲ್ಲ ಮಾಡಿದರೂ ಬಾಗಿಲಲ್ಲೇ ನಿಲ್ಲಬೇಕಾಗಬಹುದು. ಅಜೂರ್ ಪೋರ್ಟಲ್‌ಗೆ ಎರಡನೇ ಹಂತದ ಗುರುತು ತೋರಿಸುವುದನ್ನು ಮೈಕ್ರೋಸಾಫ್ಟ್ 2024ರ ಅಕ್ಟೋಬರ್‌ನಿಂದ ಕಡ್ಡಾಯ ಮಾಡುತ್ತ ಬಂದಿದೆ. ಅದು ಸರಿಯಾದ ಕ್ರಮ. ಆದರೆ ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿಯನ್ನು ನಂಬಿದವರಿಗೆ ಫೈಬರ್ ಇದ್ದು ಮೊಬೈಲ್ ಸಿಗ್ನಲ್ ಇಲ್ಲದ ಮನೆಯಲ್ಲಿ ಏನಾಗುತ್ತದೆ? ಫೋನ್ ಹಿಡಿದು ಅಂಗಳಕ್ಕೆ, ಅಲ್ಲಿಂದ ಬೆಟ್ಟಕ್ಕೆ ಓಡಬೇಕು. ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್‌ಗೆ ನೆಟ್‌ವರ್ಕ್ ಬೇಕಿಲ್ಲ. ಫೋನಿನ ಗಡಿಯಾರ ಸರಿಯಿದ್ದರೆ ಸಾಕು. ಹಳ್ಳಿಯಲ್ಲಿ ಕೂತು ಅಡ್ಮಿನ್ ಕೆಲಸ ಮಾಡುವವರು ಮೊದಲು ಈ ಏರ್ಪಾಟು ಮಾಡಿಕೊಳ್ಳಬೇಕು, ಕೀವರ್ಡ್‌ಗಳ ಮಾತು ಆಮೇಲೆ.

ಊರಿನಿಂದ ಕೆಲಸ ಮಾಡುವವರಿಗೆ ಇನ್ನೊಂದು ಕೊರತೆಯಿದೆ: ಪಕ್ಕದ ಕುರ್ಚಿಯವರು ಬಂದು ಪರದೆಗೆ ಬೆರಳಿಟ್ಟು ತೋರಿಸುವಂತಿಲ್ಲ. ಹೀಗಾಗಿ ಸಹೋದ್ಯೋಗಿಗಳು ಸ್ಕ್ರೀನ್‌ಶಾಟ್ ಕಳಿಸುತ್ತಾರೆ, ಅದರ ಮೇಲೆ ಕೆಂಪು ಬಾಣ ಎಳೆಯುತ್ತಾರೆ. ಆ ಚಿತ್ರ ಇಳಿಯಲು ಹೊತ್ತು ಬೇಕು. ಅದಕ್ಕಿಂತ ದೊಡ್ಡ ತೊಂದರೆ, ಅದು ಬೇಗ ಹಳತಾಗುತ್ತದೆ. 2023ರಲ್ಲಿ ಮೈಕ್ರೋಸಾಫ್ಟ್ ಅಜೂರ್ ಆ್ಯಕ್ಟಿವ್ ಡೈರೆಕ್ಟರಿಯ ಹೆಸರನ್ನು ಎಂಟ್ರಾ ಐಡಿ ಎಂದು ಬದಲಿಸಿದಾಗ ಕಂಪನಿಗಳ ಒಳಗಿನ ಕೈಪಿಡಿಗಳಲ್ಲಿದ್ದ ‘ಇದನ್ನು ಒತ್ತಿ, ಆಮೇಲೆ ಅದನ್ನು ಒತ್ತಿ’ ಎಂಬ ಸಾಲುಗಳು ಸುಳ್ಳಾದವು. ಮೆನುವಿನಲ್ಲಿ ಹಳೆಯ ಹೆಸರು ಹುಡುಕಿದವರಿಗೆ ಅದು ಸಿಗಲಿಲ್ಲ. ವಿಳಾಸಗಳೂ ಬದಲಾಗುತ್ತವೆ ಎಂಬುದು ನಿಜ. ಆದರೆ ಹಳೆಯ ವಿಳಾಸದಿಂದ ಹೊಸದಕ್ಕೆ ದಾಟಿಸುವ ಏರ್ಪಾಟನ್ನು ಕಂಪನಿಗಳು ಸಾಮಾನ್ಯವಾಗಿ ಮಾಡುತ್ತವೆ, ಹಳೆಯ ಮೆನುವನ್ನು ಯಾರೂ ಉಳಿಸಿಕೊಡುವುದಿಲ್ಲ. ಆದ್ದರಿಂದ ಮಾರ್ಗ ಬರೆದಿಡುವ ಕಡೆಯೆಲ್ಲ ವಿಳಾಸವನ್ನೇ ಬರೆದಿಡುವುದು ಒಳ್ಳೆಯದು. ನಿಮ್ಮ ಬ್ರೌಸರ್‌ನಲ್ಲಿ ಮಾತ್ರ ಇರುವ ಬುಕ್‌ಮಾರ್ಕ್ ನೀವು ಕೆಲಸ ಬಿಟ್ಟ ದಿನ ನಿಮ್ಮೊಂದಿಗೇ ಹೋಗುತ್ತದೆ. ತಂಡದ ಕೈಪಿಡಿಯಲ್ಲಿರುವ ಲಿಂಕ್ ಉಳಿಯುತ್ತದೆ.

ಪೋರ್ಟಲ್‌ನಲ್ಲಿ ಕ್ಲಿಕ್ ಮಾಡುವುದೇ ತಪ್ಪು, ಎಲ್ಲವನ್ನೂ ಕೋಡ್ ಬರೆದು ಮಾಡಬೇಕು, ಹೀಗಿರುವಾಗ ಪೋರ್ಟಲ್‌ಗೆ ಬೇಗ ಹೋಗುವ ಪ್ರಶ್ನೆ ಯಾಕೆ ಎಂದು ಅನುಭವಿಗಳು ಕೇಳುತ್ತಾರೆ. ಬದಲಾವಣೆಗಳ ಮಟ್ಟಿಗೆ ನಾನು ಅವರ ಪರ. ಟೆರಾಫಾರ್ಮ್‌ನಂಥ ಸಾಧನದಲ್ಲಿ ಬರೆದು, ಇನ್ನೊಬ್ಬರಿಂದ ನೋಡಿಸಿ ಮಾಡುವ ಬದಲಾವಣೆಗೆ ಸಾಟಿಯಿಲ್ಲ. ಆದರೆ ಅಡ್ಮಿನ್ ಕೆಲಸದಲ್ಲಿ ಬದಲಿಸುವುದಕ್ಕಿಂತ ನೋಡುವುದು ಹೆಚ್ಚು. ಯಾವ ಸರ್ವರ್ ನಿಂತಿದೆ, ಬಿಲ್ ಯಾಕೆ ಏರಿದೆ, ನಿನ್ನೆ ರಾತ್ರಿ ಯಾರು ಲಾಗಿನ್ ಆಗಿದ್ದರು, ಸರ್ಟಿಫಿಕೇಟ್ ಯಾವತ್ತಿಗೆ ಮುಗಿಯುತ್ತದೆ ಎಂಬುದನ್ನೆಲ್ಲ ನೋಡಲು ಹೆಚ್ಚಿನವರು ಹೋಗುವುದು ಪೋರ್ಟಲ್‌ಗೇ. ಅಲ್ಲಿ ಗ್ರಾಫ್ ಇದೆ, ಪಟ್ಟಿ ಇದೆ, ಕಣ್ಣಿಗೆ ಒಮ್ಮೆಲೇ ಸಿಗುತ್ತದೆ. ನೋಡುವ ಕೆಲಸಕ್ಕೆ ಶಾರ್ಟ್‌ಕಟ್ ಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ: ಅಡ್ಮಿನ್ ಕೆಲಸದಲ್ಲಿ ವೇಗವೇ ಅಪಾಯ ಎನ್ನುವುದು. 2017ರ ಎರಡು ಪ್ರಸಂಗಗಳನ್ನು ಈ ಕ್ಷೇತ್ರದವರು ಮರೆತಿಲ್ಲ. ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು, ಒಂದು ಡೇಟಾಬೇಸ್ ಯಂತ್ರದಲ್ಲಿ ಅಳಿಸಬೇಕಾದದ್ದನ್ನು ಇನ್ನೊಂದರಲ್ಲಿ ಅಳಿಸಲು ಶುರು ಮಾಡಿದರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ನಾಲ್ಕೂವರೆ ಜಿಬಿ ಮಾತ್ರ ಉಳಿದಿತ್ತು. ಆರು ಗಂಟೆ ಹಿಂದಿನ ಪ್ರತಿಯಿಂದ ಮತ್ತೆ ಕಟ್ಟಬೇಕಾಯಿತು. ಫೆಬ್ರವರಿ 28ರಂದು ಅಮೆಜಾನ್‌ನಲ್ಲಿ ಬಿಲ್ಲಿಂಗ್ ವ್ಯವಸ್ಥೆಯ ನಿಧಾನಗತಿಯನ್ನು ಪರಿಶೀಲಿಸುತ್ತಿದ್ದವರು ಕೆಲವೇ ಸರ್ವರ್‌ಗಳನ್ನು ತೆಗೆಯಲು ಕೊಟ್ಟ ಆದೇಶದಲ್ಲಿ ಒಂದು ಅಂಶ ತಪ್ಪಾಗಿ ಟೈಪ್ ಆಯಿತು. ಬೇಕಾದದ್ದಕ್ಕಿಂತ ಬಹಳ ಹೆಚ್ಚು ಸರ್ವರ್‌ಗಳು ಹೋದವು. ವರ್ಜೀನಿಯಾದಲ್ಲಿ ಫೈಲುಗಳನ್ನು ಇಡುವ ಎಸ್3 ಸೇವೆ ಸುಮಾರು ನಾಲ್ಕು ಗಂಟೆ ತೊಂದರೆಯಲ್ಲಿತ್ತು, ಅದರ ಮೇಲೆ ನಿಂತಿದ್ದ ಅಸಂಖ್ಯ ವೆಬ್‌ಸೈಟುಗಳೂ ಬಿದ್ದವು.

ಈ ಎರಡೂ ಪ್ರಸಂಗದಲ್ಲಿ ಕೆಟ್ಟದ್ದು ಯಾವುದು ಎಂದು ನಿಂತು ನೋಡಬೇಕು. ಸರಿಯಾದ ಜಾಗಕ್ಕೆ ಬೇಗ ಹೋದದ್ದರಿಂದ ಅನಾಹುತ ಆಗಲಿಲ್ಲ. ತಾನು ಯಾವ ಯಂತ್ರದಲ್ಲಿದ್ದೇನೆ ಎಂಬುದು ಎದ್ದು ಕಾಣದೇ ಇದ್ದದ್ದರಿಂದ, ಮತ್ತು ಮಾಡಿದ ಆದೇಶ ತಡೆಯಿಲ್ಲದೆ ನಡೆದುಬಿಟ್ಟದ್ದರಿಂದ ಆಯಿತು. ಕಂಪನಿಗಳು ಕಂಡುಕೊಂಡ ಪರಿಹಾರವೂ ಅದನ್ನೇ ಹೇಳುತ್ತದೆ. ಅಮೆಜಾನ್ ಆ ಸಾಧನ ಸರ್ವರ್‌ಗಳನ್ನು ನಿಧಾನವಾಗಿ ತೆಗೆಯುವಂತೆ ಬದಲಿಸಿತು, ಒಂದು ಮಿತಿಗಿಂತ ಕೆಳಗೆ ಹೋಗದಂತೆ ತಡೆ ಹಾಕಿತು. ಗಿಟ್‌ಲ್ಯಾಬ್ ತನ್ನ ಸುಧಾರಣೆಗಳ ಪಟ್ಟಿಯಲ್ಲಿ, ಯಾವ ಯಂತ್ರ ಎಂಬುದು ಟರ್ಮಿನಲ್‌ನಲ್ಲೇ ಸ್ಪಷ್ಟವಾಗಿ ಬೇರೆ ಬೇರೆ ಕಾಣುವಂತೆ ಮಾಡುವುದನ್ನೂ ಸೇರಿಸಿಕೊಂಡಿತು. ಹೋಗುವ ವೇಗವನ್ನೂ ಮಾಡುವ ವೇಗವನ್ನೂ ಒಂದೇ ಎಂದು ತಿಳಿಯುವುದರಿಂದ ಈ ಆಕ್ಷೇಪ ಹುಟ್ಟುತ್ತದೆ. ಪುಟಕ್ಕೆ ಎರಡು ಸೆಕೆಂಡಿನಲ್ಲಿ ಹೋಗಿ. ಡಿಲೀಟ್ ಗುಂಡಿಯ ಮುಂದೆ ಎರಡು ನಿಮಿಷ ಕೂರಿ. ಉಳಿಸಿದ ಹೊತ್ತನ್ನು ಖರ್ಚು ಮಾಡಬೇಕಾದ ಜಾಗ ಅದೇ. ಬೇಸತ್ತು, ಐದನೇ ಸಲ ರಿಫ್ರೆಶ್ ಮಾಡಿ ಕೊನೆಗೂ ಪುಟ ತಲುಪಿದವರು ಎಚ್ಚರಿಕೆಯಿಂದ ಇರುತ್ತಾರೆ ಎಂದು ನನಗೆ ನಂಬಿಕೆಯಿಲ್ಲ. ಅವರಿಗೆ ಒಮ್ಮೆ ಮುಗಿದರೆ ಸಾಕಾಗಿರುತ್ತದೆ.

ಇದೇ ಕಾರಣಕ್ಕೆ ಬಣ್ಣಗಳ ಬಗ್ಗೆ ಒಂದು ಮಾತು. ಕ್ರೋಮ್‌ನಲ್ಲಿ ಪ್ರೊಫೈಲ್‌ಗೊಂದು ಬಣ್ಣ ಕೊಡಬಹುದು, ಫೈರ್‌ಫಾಕ್ಸ್‌ನ ಕಂಟೇನರ್ ಟ್ಯಾಬ್‌ಗಳಿಗೂ ಬಣ್ಣವಿದೆ. ಗ್ರಾಹಕರು ಬಳಸುತ್ತಿರುವ ಅಸಲಿ ವ್ಯವಸ್ಥೆಯ ಪ್ರೊಫೈಲ್‌ಗೆ ಕೆಂಪು, ಪ್ರಯೋಗದ್ದಕ್ಕೆ ಹಸಿರು. ಕಣ್ಣಂಚಿಗೆ ಕೆಂಪು ಬಿದ್ದರೆ ಕೈ ತಾನಾಗಿ ನಿಲ್ಲುತ್ತದೆ.

ನೇರ ಹೋಗಿ ಅಭ್ಯಾಸವಾದ ಹೊಸಬರಿಗೆ ಒಟ್ಟು ನಕ್ಷೆ ತಿಳಿಯುವುದಿಲ್ಲ ಎಂಬ ದೂರೂ ಇದೆ. ಇದು ಸರಿ. ಸಬ್‌ಸ್ಕ್ರಿಪ್ಷನ್ ಎಂದರೇನು, ರಿಸೋರ್ಸ್ ಗ್ರೂಪ್ ಎಂದರೇನು, ಯಾವುದರೊಳಗೆ ಯಾವುದಿದೆ ಎಂದು ತಿಳಿಯದವರಿಗೆ ಹಿರಿಯರು ತಮ್ಮ ಕೀವರ್ಡ್ ಪಟ್ಟಿಯನ್ನು ಕೊಡಬಾರದು. ಮೊದಲು ಮೆನುವಿನಲ್ಲೇ ಓಡಾಡಲಿ, ಎರಡು ಸಲ ದಾರಿ ತಪ್ಪಲಿ. ಆಮೇಲೆ ಅವರೇ ತಮ್ಮ ಪಟ್ಟಿ ಮಾಡಿಕೊಳ್ಳುತ್ತಾರೆ.

ಸಿದ್ಧ ಪಟ್ಟಿಗಳ ವಿಷಯದಲ್ಲಿ ನನಗೆ ಇನ್ನೂ ಒಂದು ಎಚ್ಚರಿಕೆ ಇದೆ. ಮೈಕ್ರೋಸಾಫ್ಟ್ ಪೋರ್ಟಲ್‌ಗಳಿಗೆ ಮೆರಿಲ್ ಫರ್ನಾಂಡೊ ರೂಪಿಸಿದ ಸಿಎಂಡಿ ಡಾಟ್ ಎಂಎಸ್ ಎಂಬ ತಾಣವಿದೆ. ಅದರ ಹೆಸರಿನ ಮೊದಲಿಗೆ ಕೆಲವು ಅಕ್ಷರ ಸೇರಿಸಿ ಬರೆದರೆ ಬೇಕಾದ ಪೋರ್ಟಲ್‌ಗೆ ದಾಟಿಸುತ್ತದೆ. ಬಹಳ ಉಪಯುಕ್ತ ಕೆಲಸ, ಅಡ್ಮಿನ್‌ಗಳ ಅಗತ್ಯ ಅರಿತು ಮಾಡಿದ್ದು. ಆದರೂ ಅತ್ಯಂತ ಹೆಚ್ಚಿನ ಹಕ್ಕಿರುವ ಖಾತೆಗೆ ಹೋಗುವ ದಾರಿಯಲ್ಲಿ ಮೂರನೆಯವರ ಯಾವುದೇ ತಾಣ ನಡುವೆ ಇರುವುದು ಬೇಡ ಎಂಬುದು ನನ್ನ ನಿಲುವು. ಅಂಥ ಪಟ್ಟಿಯನ್ನು ನೋಡಿ ಕಲಿತು, ಅಸಲಿ ವಿಳಾಸಗಳನ್ನು ನಿಮ್ಮ ಬ್ರೌಸರ್‌ನಲ್ಲೇ ಕೀವರ್ಡ್ ಮಾಡಿಕೊಳ್ಳಿ. ಗೂಗಲ್‌ನಂಥ ಗೂಗಲ್ಲೇ ತನ್ನ ಕಿರುವಿಳಾಸ ಸೇವೆಯಲ್ಲಿ ಹೊಸ ಲಿಂಕ್ ಮಾಡುವುದನ್ನು 2019ರಲ್ಲಿ ನಿಲ್ಲಿಸಿತು. ಇನ್ನೊಬ್ಬರ ಸೇವೆ ಎಷ್ಟು ದಿನ ಇರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ.

ಪೋರ್ಟಲ್‌ನ ಹೆಸರನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಬಂದದ್ದನ್ನು ಒತ್ತುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಹುಡುಕಾಟದ ಮೇಲ್ಭಾಗದಲ್ಲಿ ಜಾಹೀರಾತು ಕೊಂಡು, ಅಸಲಿನಂತೆಯೇ ಕಾಣುವ ನಕಲಿ ಲಾಗಿನ್ ಪುಟಕ್ಕೆ ಜನರನ್ನು ಎಳೆಯುವ ಮೋಸ ನಡೆದಿದೆ. 2023ರಲ್ಲಿ ಎಡಬ್ಲ್ಯುಎಸ್ ಲಾಗಿನ್ ಹುಡುಕಿದವರಿಗೇ ಅಂಥ ಜಾಹೀರಾತು ತೋರಿದ್ದನ್ನು ಭದ್ರತಾ ಸಂಶೋಧಕರು ವರದಿ ಮಾಡಿದ್ದರು. ನಿಮ್ಮದೇ ಬುಕ್‌ಮಾರ್ಕ್‌ನಿಂದ ಹೋದವರು ಆ ಬಲೆಯ ಹತ್ತಿರಕ್ಕೂ ಹೋಗುವುದಿಲ್ಲ.

ಭೈರುಂಬೆಯಲ್ಲಿ, ಸೋಂದೆಯಲ್ಲಿ, ಮಂಚಿಕೇರಿಯಲ್ಲಿ ಕೂತು ಈ ಕೆಲಸ ಮಾಡುವವರಲ್ಲಿ ನನ್ನ ವಿನಂತಿ ಇಷ್ಟು. ದಿನಕ್ಕೆ ಪದೇ ಪದೇ ಹೋಗುವ ಪುಟಗಳಿಗೆ ಮಾತ್ರ ಕೀವರ್ಡ್ ಇಡಿ. ಉಳಿದವು ಮೆನುವಿನಲ್ಲೇ ಇರಲಿ. ಅದೇ ವಿಳಾಸಗಳನ್ನು ತಂಡದ ಕೈಪಿಡಿಗೆ ಸೇರಿಸಿ. ನಿಮ್ಮ ಸಂಸ್ಥೆಯನ್ನು ಕೇಳಿ ಎರಡು ಬಗೆಯ ಪ್ರವೇಶ ಪಡೆದುಕೊಳ್ಳಿ, ಒಂದು ಬರೀ ನೋಡುವ ಹಕ್ಕಿನದು, ಇನ್ನೊಂದು ಬದಲಿಸುವ ಹಕ್ಕಿನದು. ಎಡಬ್ಲ್ಯುಎಸ್‌ನಲ್ಲಿ ಖಾತೆ ಮತ್ತು ಪಾತ್ರವನ್ನು ವಿಳಾಸದಲ್ಲೇ ಬರೆದು ಕೀವರ್ಡ್ ಮಾಡಲು ಬರುತ್ತದೆ. ಎರಡಕ್ಷರದ ಕೀವರ್ಡ್ ಯಾವಾಗಲೂ ನೋಡುವ ಹಕ್ಕಿನ ಖಾತೆಗೇ ಹೋಗಲಿ. ಬದಲಿಸುವ ಹಕ್ಕಿನ ಖಾತೆಗೆ ಕೀವರ್ಡ್ ಇಡಬೇಡಿ.